ಚಾರ್ಮಾಡಿಯಲ್ಲಿ ಕಟ್ಟಿದ ಕಿವಿ

ಚಾರ್ಮಾಡಿ ಘಾಟಿಯ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ನನ್ನ ಎಡಗಿವಿ ಕಟ್ಟಿತು. ಇದೇನೂ ಹೊಸದಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸು ಹತ್ತಿದವರ ಕಿವಿಗಳೆಲ್ಲ ಆ ಇಳಿಜಾರಿನಲ್ಲಿ ಒಮ್ಮೆ ಕಟ್ಟುತ್ತವೆ, ಎರಡು ಸಲ ಉಗುಳು ನುಂಗಿದರೆ ಬಿಡುತ್ತವೆ. ನನ್ನ ಬಲಗಿವಿ ಮರ್ಯಾದಸ್ಥರ ಮನೆಯ ಕಿವಿಯ ಹಾಗೆ ಬಿಟ್ಟಿತು. ಎಡದ್ದು ಮಾತ್ರ ಉಜಿರೆ ದಾಟಿದರೂ, ಮದುವೆಮನೆಯ ಚಪ್ಪರ ಹೊಕ್ಕರೂ, ಎರಡು ಲೋಟ ಪಾನಕ ಇಳಿಸಿದರೂ ಬಿಡಲಿಲ್ಲ. ಸಣ್ಣಗೆ ನೆಗಡಿ ಇತ್ತು ಅನ್ನಿ. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಹೋಗುವ ಆ ಮೂರೂವರೆ ಸೆಂಟಿಮೀಟರಿನ ಓಣಿ ಮುಚ್ಚಿಕೊಂಡಿತ್ತು. ಹೊರಗೆ ಕರಾವಳಿಯ ದಪ್ಪ ಗಾಳಿ. ಒಳಗೆ ಇನ್ನೂ ಕೊಟ್ಟಿಗೆಹಾರದ ತೆಳು ಗಾಳಿ.

ಮದುವೆಮನೆಯಲ್ಲಿ ಕಿವಿ ಕಟ್ಟಿದೆ ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದ ಮರುಗಳಿಗೆ ನನ್ನ ಸುತ್ತ ಏಳು ಜನ ಪಂಡಿತರು. ಆಕಳಿಸಿ ಎಂದರೊಬ್ಬರು. ಬೇಕೆಂದಾಗ ಆಕಳಿಕೆ ಬರುವುದಾದರೆ ನಾನು ಯಾಕೆ ಹೀಗಿರುತ್ತಿದ್ದೆ? ದೊಡ್ಡಮ್ಮನೊಬ್ಬರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ತರಿಸಿಯೇಬಿಟ್ಟರು. ಎಣ್ಣೆ ಬೀಳುವುದು ಕಿವಿಯ ತಮಟೆಯ ಈಚೆ, ಕಟ್ಟಿರುವುದು ಅದರ ಆಚೆ. ಹಿತ್ತಿಲ ಬಾಗಿಲು ತೆರೆಯುವುದಿಲ್ಲ ಎಂದರೆ ಮುಂಬಾಗಿಲ ಬಿಜಾಗರಿಗೆ ಎಣ್ಣೆ ಬಿಟ್ಟ ಹಾಗೆ. ಆದರೆ ದೊಡ್ಡಮ್ಮಂದಿರಿಗೆ ಇದನ್ನೆಲ್ಲ ಹೇಳುವ ಧೈರ್ಯ ಯಾರಿಗಿದೆ? ತಲೆ ವಾಲಿಸಿ ಬಿಡಿಸಿಕೊಂಡೆ. ಈಗ ಕಿವಿ ಕಟ್ಟಿದ್ದೂ ಅಲ್ಲದೆ ಒಗ್ಗರಣೆಯ ವಾಸನೆ ಬೇರೆ. ಮೊಬೈಲು ಹಿಡಿದ ಹುಡುಗನೊಬ್ಬ, ‘ಅಂಕಲ್, ಮೂಗು ಮುಚ್ಚಿ ಜೋರಾಗಿ ಊದಿ’ ಎಂದು ತಾನೇ ಕಂಡುಹಿಡಿದವನಂತೆ ಹೇಳಿದ. ಅಪ್ಪಾ, ಅದನ್ನು ಇಟಲಿಯ ಬೊಲೊನ್ಯಾದ ವೈದ್ಯ ವಲ್ಸಾಲ್ವಾ 1704ರಲ್ಲೇ ಬರೆದಿಟ್ಟಿದ್ದಾನೆ, ಅದೂ ಕಿವಿಯೊಳಗಿನ ಕೀವನ್ನು ಹೊರದಬ್ಬುವುದಕ್ಕೆಂದು, ಎನ್ನಬೇಕೆನಿಸಿತು. ಊಟದ ಹೊತ್ತಿಗೆ ಆ ಮಾತು ಬೇಡವೆಂದು ಬಿಟ್ಟೆ.

ಪಂಕ್ತಿಯಲ್ಲಿ ನನ್ನ ಎಡಕ್ಕೆ ಬಂದು ಕೂತವರು ನನ್ನ ಹೆಂಡತಿಯ ದೊಡ್ಡಪ್ಪನ ಮಗ, ಭಾವ. ಕೂತವರು ಉಪ್ಪಿನಕಾಯಿ ಬಡಿಸುವಾಗ ಮಾತು ಶುರುಮಾಡಿ ಮಜ್ಜಿಗೆಯವರೆಗೂ ನಿಲ್ಲಿಸಲಿಲ್ಲ. ನನಗೆ ಕೇಳುತ್ತಿದ್ದುದು ನನ್ನದೇ ಹಪ್ಪಳ ಮಾತ್ರ. ಕಿವಿ ಕಟ್ಟಿದಾಗ ಊರಿನ ಸದ್ದೆಲ್ಲ ದೂರವಾಗಿ ತನ್ನ ದವಡೆಯ ಸದ್ದು ಅಂಗಡಿಯ ಶಟರು ಎಳೆದ ಹಾಗೆ ತಲೆಯೊಳಗೆ ಮೊಳಗುತ್ತದೆ. ಎರಡು ತುಂಡು ಹಪ್ಪಳದ ನಡುವೆ ‘ತೋಟ’ ಅಂತ ಕೇಳಿಸಿತು. ‘ತಮ್ಮ’ ಅಂತ ಕೇಳಿಸಿತು. ‘ಪಂಪು’ ಅಂತ ಮೂರು ಸಲ ಕೇಳಿಸಿತು. ನಾನು ‘ಹೌದೌದು’ ಎಂದೆ, ‘ಅದು ಸರಿಯೇ’ ಎಂದೆ, ಹೋಳಿಗೆ ಬಂದಾಗ ಉತ್ಸಾಹದಲ್ಲಿ ‘ಖಂಡಿತ’ ಎಂದೂ ಬಿಟ್ಟೆ. ಅದು ಬಡಿಸುವವನಿಗೆ ಹೇಳಿದ್ದು.

ಕೈ ತೊಳೆಯುವಲ್ಲಿ ಭಾವ ನನ್ನ ಬಲಕ್ಕೆ ಬಂದರು. ‘ಹಾಗಾದ್ರೆ ನಾಳೆ ಬೆಳಿಗ್ಗೆ ನೀವು ಬಂದೇ ಬರ್ತೀರಿ ಭಾವ. ನಿಮ್ಮ ಮಾತನ್ನು ತಮ್ಮ ತೆಗೆದುಹಾಕುವುದಿಲ್ಲ.’

ಹೀಗೆ ನಾನು ಒಂದು ಪಾಲುಪಟ್ಟಿಯ ಪಂಚಾಯಿತಿಗೆ ಒಪ್ಪಿಕೊಂಡಿದ್ದೆ. ಅಣ್ಣತಮ್ಮಂದಿರ ನಡುವೆ ಕೂತು ಬಂದವನಿಗೆ ಕೊನೆಗೆ ಎರಡೂ ಕಡೆಯ ಕಾಫಿ ತಪ್ಪುತ್ತದೆ ಎಂದು ನನಗೇನು ಗೊತ್ತಿರಲಿಲ್ಲವೇ?

ಮರುದಿನ ಹೋದೆ. ಪಾಲಾಗಿ ಎರಡು ವರ್ಷ ಆಗಿತ್ತು. ತೋಟ ಅಳೆದಾಗಿತ್ತು, ಪಾತ್ರೆ ಎಣಿಸಿಯಾಗಿತ್ತು, ತಮ್ಮ ಮೇಲಿನ ದಿಬ್ಬದಲ್ಲಿ ತಾರಸಿಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿದ್ದ. ತಕರಾರು ಇಷ್ಟೇ: ಹೊಸಮನೆಗೆ ಕರೆಂಟು ಇನ್ನೂ ಹಳೆಮನೆಯ ಮೀಟರಿನಿಂದಲೇ ಹೋಗುತ್ತಿತ್ತು. ಮೇಲೆ ಗ್ರೈಂಡರು ತಿರುಗಿದರೆ ಕೆಳಗೆ ಬಲ್ಬು ಮಂಕಾಗುತ್ತದೆ. ‘ಬೇಕೆಂದೇ ನಾನು ಪೂಜೆಗೆ ಕೂತಾಗ ಉದ್ದು ರುಬ್ಬುತ್ತಾರೆ’ ಎಂಬುದು ಭಾವನ ಆರೋಪ. ‘ಉದ್ದು ರುಬ್ಬುವುದಕ್ಕೆ ಮುಹೂರ್ತ ಕೇಳಬೇಕಾ?’ ಎಂಬುದು ತಮ್ಮನ ಉತ್ತರ. ಒಂದೂವರೆ ಗಂಟೆ ಇದೇ ನಡೆಯಿತು.

ಕಟ್ಟಿದ ಎಡಗಿವಿಯನ್ನು ಭಾವನ ಕಡೆಗೆ, ಬಿಟ್ಟ ಬಲಗಿವಿಯನ್ನು ಗೋಡೆಯ ಕಡೆಗೆ ಇಟ್ಟುಕೊಂಡು ಕೂತಿದ್ದ ನನಗೆ ಆಗ ಅನಿಸಿತು, ಅರೆ, ಇದೇ ವ್ಯಾಜ್ಯ ನನ್ನ ಕಿವಿಯೊಳಗೂ ಇದೆಯಲ್ಲ! ಕಿವಿಯ ತಮಟೆಯ ಹಿಂದೆ ಮೂರು ಮೂಳೆಗಳಿವೆ. ಶಾಲೆಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಬಾಯಿಪಾಠ ಮಾಡಿಸಿದ್ದರು. ಸುತ್ತಿಗೆ ಗೊತ್ತು, ಅಡಿಗಲ್ಲನ್ನು ಕಮ್ಮಾರನ ಕುಲುಮೆಯಲ್ಲಿ ನೋಡಿದ್ದೆ; ರಿಕಾಪು ಎಂದರೇನು ಸಾರ್ ಎಂದು ಕೇಳಿದ್ದಕ್ಕೆ ಮೇಷ್ಟ್ರು ಕಿವಿ ಹಿಂಡಿದರು. ಕುದುರೆ ಏರುವವನು ಕಾಲಿಡುವ ಬಳೆ ಅದು ಎಂದು ಗೊತ್ತಾಗಲು ನನಗೆ ಹದಿನೈದು ವರ್ಷ ಬೇಕಾಯಿತು. ಇರಲಿ. ಈ ಮೂರರಲ್ಲಿ ಸುತ್ತಿಗೆಯೂ ಅಡಿಗಲ್ಲೂ ಮೂಲದಲ್ಲಿ ಕಿವಿಯ ಮನೆಯವೇ ಅಲ್ಲ, ದವಡೆಯವು. ಹಲ್ಲಿ ಹಾವುಗಳ ಬಾಯಿಯ ಕೀಲು ಇವತ್ತಿಗೂ ಅವೇ ಮೂಳೆಗಳ ಮೇಲೆ ನಿಂತಿದೆ. ಜರ್ಮನಿಯ ರೈಕರ್ಟ್ 1837ರಲ್ಲಿ ಹಂದಿಯ ಭ್ರೂಣಗಳನ್ನು ಬಿಡಿಸಿ ನೋಡುತ್ತ ಈ ಗುಟ್ಟನ್ನು ಹಿಡಿದ. ನಮ್ಮ ಪೂರ್ವಜರ ಸಾಲಿನಲ್ಲಿ ಕೆಳದವಡೆಯ ಒಂದು ಮೂಳೆ ಬೆಳೆದು ಬೆಳೆದು ಯಜಮಾನನಾಯಿತು, ಉಳಿದವು ಮೂಲೆಗೆ ಸರಿದವು, ಎರಡು ಮನೆಬಿಟ್ಟು ಕಿವಿ ಸೇರಿದವು.

ಪಾಲು ಒಂದೇ ದಿನದಲ್ಲಿ ಆಗಲಿಲ್ಲ. ಸುಮಾರು 20 ಕೋಟಿ ವರ್ಷಗಳ ಹಿಂದೆ ಮಾರ್ಗನುಕೋಡಾನ್ ಎಂಬ ಇಲಿಯಂಥ ಒಂದು ಪ್ರಾಣಿ ಇತ್ತು. ಅದರ ಪಳೆಯುಳಿಕೆಗಳು ವೇಲ್ಸ್‌ನಲ್ಲಿ ಬೇಕಾದಷ್ಟು ಸಿಕ್ಕಿವೆ. ಅದರ ದವಡೆಗೆ ಹಳೆಯ ಕೀಲೂ ಇದೆ, ಹೊಸ ಕೀಲೂ ಇದೆ, ಪಕ್ಕಪಕ್ಕದಲ್ಲೇ. ಪತ್ರ ಬರೆದಾಗಿದೆ, ಹೊಸಮನೆ ಎದ್ದಿಲ್ಲ, ಒಂದೇ ಸೂರಿನಡಿ ಎರಡು ಒಲೆ. ಕಾಂಗರೂ ಮರಿ ಈಗಲೂ ಹುಟ್ಟುವಾಗ ಈ ಮೂಳೆಗಳನ್ನು ದವಡೆಗೆ ಅಂಟಿಸಿಕೊಂಡೇ ಹುಟ್ಟುತ್ತದೆ. ತಾಯಿಯ ಚೀಲದೊಳಗೆ ಹಾಲು ಕುಡಿಯುತ್ತ ಬೆಳೆದ ಮೇಲೆ ಅವು ಬೇರೆಯಾಗುತ್ತವೆ.

ಮೀಟರಿನ ವಿಷಯಕ್ಕೆ ಬರುತ್ತೇನೆ. ಸುತ್ತಿಗೆ ಮೂಳೆಯನ್ನು ಹಿಡಿದೆಳೆದು ತಮಟೆಯನ್ನು ಬಿಗಿಮಾಡುವ ಒಂದು ಪುಟ್ಟ ಸ್ನಾಯು ಇದೆ. ಇರುವುದು ಕಿವಿಯಲ್ಲಿ, ಕೆಲಸ ಮಾಡುವುದು ಕಿವಿಗೆ. ಆದರೆ ಅದಕ್ಕೆ ನರ ಬಂದಿರುವುದು ದವಡೆಯನ್ನು ಆಡಿಸುವ ನರದಿಂದ! ಕೋಟಿಗಟ್ಟಲೆ ವರ್ಷ ಕಳೆದರೂ ವೈರು ಹಳೆಮನೆಯದ್ದೇ. ನಾವು ಹಪ್ಪಳ ಅಗಿಯುವಾಗ ಆ ಸ್ನಾಯು ಎಳೆದುಕೊಂಡು ನಮ್ಮದೇ ಅಗಿತದ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಅಲ್ಲಿ ಗ್ರೈಂಡರು ತಿರುಗಿದರೆ ಇಲ್ಲಿ ಬಲ್ಬು ಮಂಕು.

ಇದರಲ್ಲೊಂದು ದೊಡ್ಡ ತತ್ವ ಇದೆ, ಇವತ್ತು ಇದನ್ನು ಹೇಳಿಯೇ ಈ ಮನೆಯ ವ್ಯಾಜ್ಯ ತೀರಿಸಬೇಕು ಎಂದು ಗಂಟಲು ಸರಿಮಾಡಿಕೊಂಡೆ. ‘ನೋಡಿ ಭಾವ, ಹಲ್ಲಿಗೆ…’ ಎಂದೆ. ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಮಾಡಿನ ಕಡೆ ನೋಡಿದರು, ಹಲ್ಲಿ ಲೊಚಗುಟ್ಟಿತೇನೋ ಎಂದು. ಅವತ್ತು ಅವರಿಬ್ಬರೂ ಒಂದಾದದ್ದು ಆ ಒಂದು ಗಳಿಗೆ ಮಾತ್ರ. ತತ್ವವನ್ನು ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.

ಜಗಲಿಯ ಕೊನೆಯಲ್ಲಿ ಭಾವನ ಅಮ್ಮ ಅಡಿಕೆ ಸುಲಿಯುತ್ತ ಕೂತಿದ್ದರು. ‘ಅಮ್ಮನಿಗೆ ಕಿವಿ ಕೇಳುವುದಿಲ್ಲ’ ಎಂದು ಅವರೆದುರೇ ನನಗೆ ಹೇಳಲಾಯಿತು. ಪಾಲುಪತ್ರ ಓದಲು ಕೊಟ್ಟಿದ್ದರು. ಪಂಪಿನ ಬಗ್ಗೆ ಮುಕ್ಕಾಲು ಪುಟ ಇತ್ತು, ಕಂಚಿನ ಕೊಪ್ಪರಿಗೆಯ ಬಗ್ಗೆ ಎರಡು ಸಾಲು. ಅಮ್ಮ ಯಾರ ಮನೆಯಲ್ಲಿ ಎಂಬುದು ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂತು, ಹೇಳಲಿಲ್ಲ. ಮೂರನೆಯ ಮೂಳೆ, ಆ ರಿಕಾಪು, ನೆನಪಾಯಿತು. ಮೂರು ಮಿಲಿಮೀಟರಿನಷ್ಟಿರುವ ಅದು ಮೈಯ ಮೂಳೆಗಳಲ್ಲೆಲ್ಲ ಚಿಕ್ಕದು. 1543ರಲ್ಲಿ ಇಡೀ ದೇಹವನ್ನು ಬಗೆದು ಮಹಾಗ್ರಂಥ ಬರೆದ ವೆಸಾಲಿಯಸ್ಸನಿಗೂ ಅದು ಕಂಡಿರಲಿಲ್ಲ. ಮೂರು ವರ್ಷದ ಮೇಲೆ ನೇಪಲ್ಸ್‌ನಲ್ಲಿ ಇಂಗ್ರಾಸಿಯಾ ಎಂಬ ವೈದ್ಯ ಕಂಡ. ಆದರೆ ಕಿವಿಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ. ಕಪ್ಪೆ, ಹಲ್ಲಿ, ಹಕ್ಕಿಗಳ ಕಿವಿಗೆ ಆ ಒಂದೇ ಮೂಳೆ. ಅಗಲವಾದ ತಮಟೆಯ ಮೇಲೆ ಬಿದ್ದ ಸದ್ದನ್ನು ತನ್ನ ಪುಟ್ಟ ಪಾದದಡಿ ಸೇರಿಸಿ, ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸಿ ಒಳಗಿವಿಯ ನೀರಿಗೆ ದಾಟಿಸುವ ಕೊನೆಯ ಕೆಲಸ ಅವಳದ್ದು.

ಹೊರಡುವಾಗ ನಮಸ್ಕಾರ ಮಾಡಿದೆ. ಅಮ್ಮ ಅಡಿಕೆಯಿಂದ ತಲೆ ಎತ್ತದೆ, ‘ಮೀಟರಿಗೆ ಅರ್ಜಿ ಹಾಕಿದರೆ ಮುಗೀತಲ್ಲ ಮಗಾ, ಇಬ್ಬರಿಗೂ ಅದು ಬೇಡ’ ಎಂದರು. ನನ್ನ ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಅದೇ ಸಂಜೆ ಬಸ್ಸು ಹತ್ತಿದೆವು. ಘಾಟಿಯ ಮೇಲಿನ ತಿರುವುಗಳಿಗೆ ಬರುತ್ತಿದ್ದಂತೆ ಎಡಗಿವಿಯಲ್ಲಿ ‘ಟಪ್’ ಎಂದು ಬಾಗಿಲು ತೆರೆಯಿತು. ಒಳಗಿನ ಕೊಟ್ಟಿಗೆಹಾರಕ್ಕೆ ಹೊರಗಿನ ಕೊಟ್ಟಿಗೆಹಾರ ಸಿಕ್ಕಿರಬೇಕು. ಎರಡು ದಿನದ ಮೇಲೆ ಆ ಕಿವಿ ಕೇಳಿದ ಮೊದಲ ಸದ್ದು ಹಿಂದಿನ ಸೀಟಿನವನ ಮೊಬೈಲಿನದು. ಒಂದೇ ಹಾಸ್ಯದ ತುಣುಕು, ಒಂದೇ ನಗು, ಹನ್ನೊಂದನೆಯ ಸಲ. ಇಂಥವರಿಗಾಗಿಯೇ ನನ್ನ ಪೂರ್ವಜರು ದವಡೆಯ ಮೂಳೆ ಬಿಟ್ಟುಕೊಟ್ಟರೇ?

‘ರೀ, ನಾಲ್ಕು ಸಲ ಕೇಳಿದೆ’ ಎಂದಳು ಹೆಂಡತಿ. ‘ಮುಂದಿನ ತಿಂಗಳು ಮತ್ತೆ ಪಂಚಾಯಿತಿಗೆ ಬರ್ತೀನಂತ ಅಣ್ಣನ ಹತ್ರ ಒಪ್ಕೊಂಡು ಬಂದ್ರಂತೆ, ಹೌದಾ?’

ನಾನು ಎಡಗಿವಿಯ ಮೇಲೆ ಕೈಯಿಟ್ಟು, ಇನ್ನೂ ಕಟ್ಟಿದೆ ಎಂದು ಸನ್ನೆ ಮಾಡಿದೆ. ಅವಳು ಕೂತಿದ್ದು ಬಲಗಡೆ.