ಸ್ಪಷ್ಟನೆ: ಕೋಬರ್ಗ್‌ನ ಡ್ಯೂಕ್ ಹೆಂಡತಿಯ ತಲೆ ಕಡಿಸಲಿಲ್ಲ

ಜರ್ಮನಿಯ ಸ್ಯಾಕ್ಸ್-ಕೋಬರ್ಗ್‌ನ ಡ್ಯೂಕ್ ಯೋಹಾನ್ ಕ್ಯಾಸಿಮಿರ್ (1564–1633) ವ್ಯಭಿಚಾರದ ಕಾರಣಕ್ಕೆ ಮೊದಲ ಹೆಂಡತಿ ಆನ್ನಾಳ ತಲೆ ಕಡಿಸಿದನೆಂದೂ, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಇವನ ನೇರ ವಂಶಜನೆಂದೂ ಹೇಳುವ ಬರಹವೊಂದು ಹರಿದಾಡುತ್ತಿದೆ. ಎರಡೂ ತಪ್ಪು.

ಆನ್ನಾ ಸ್ಯಾಕ್ಸನಿಯ ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಅರಸ) ಆಗಸ್ಟ್‌ನ ಮಗಳು. 1586ರಲ್ಲಿ ಮದುವೆಯಾದಾಗ ಅವಳಿಗೆ 18 ವರ್ಷ. ಡ್ಯೂಕ್‌ಗೋ ಬೇಟೆಯ ಹುಚ್ಚು. ಆಸ್ಥಾನದ ಉಲ್ರಿಖ್ ಫಾನ್ ಲಿಖ್ಟೆನ್‌ಸ್ಟೈನ್ ಜತೆಗಿನ ಅವಳ ಸಂಬಂಧ 1593ರಲ್ಲಿ ಬಯಲಾಯಿತು; ಮದುವೆ ಮುರಿಯಿತು. ಇಬ್ಬರಿಗೂ ಮರಣದಂಡನೆ ವಿಧಿಸಿದ್ದು ನಿಜ, ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. ಆದರೆ ಡ್ಯೂಕ್ ಅದನ್ನು ಜೀವಾವಧಿ ಸೆರೆಗೆ ಇಳಿಸಿದ. ಸುಮಾರು 20 ವರ್ಷ ಬಂಧನದಲ್ಲೇ ಕಳೆದ ಆನ್ನಾ 1613ರಲ್ಲಿ ಕೋಬರ್ಗ್ ಕೋಟೆಯಲ್ಲಿ ತೀರಿಕೊಂಡಳು. ಇದನ್ನು ದಯೆ ಎನ್ನಲು ನನಗಂತೂ ಮನಸ್ಸು ಬಾರದು.

ಅವಳಿನ್ನೂ ಸೆರೆಯಲ್ಲಿರುವಾಗಲೇ, 1599ರಲ್ಲಿ, ಅವನು ಬ್ರೌನ್‌ಶ್ವೈಗ್-ಲ್ಯೂನೆಬರ್ಗ್‌ನ ಮಾರ್ಗರೇಟಳನ್ನು ವರಿಸಿದ. ಆ ಸಂದರ್ಭದ್ದೆನ್ನುವ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಮುತ್ತಿಡುವ ಜೋಡಿ, ಇನ್ನೊಂದರಲ್ಲಿ ಆನ್ನಾಳನ್ನು ಅಣಕಿಸುವಂತೆ ಒಂಟಿ ಸನ್ಯಾಸಿನಿ. ಕುಹಕಕ್ಕೂ ಒಂದು ಮಿತಿ ಬೇಡವೇ!

ಎರಡೂ ಮದುವೆಗಳಿಂದ ಮಕ್ಕಳಾಗಲಿಲ್ಲ. 1633ರಲ್ಲಿ ಅವನು ಸತ್ತಾಗ ರಾಜ್ಯ ತಮ್ಮ ಯೋಹಾನ್ ಅರ್ನ್ಸ್ಟ್‌ಗೆ ಹೋಯಿತು. ಆಲ್ಬರ್ಟ್ ಬಂದದ್ದು ಅದೇ ಮನೆತನದ ಬೇರೊಂದು ಶಾಖೆಯ, ಗೋಥಾದ ಒಂದನೇ ಅರ್ನ್ಸ್ಟ್‌ನ ಸಂತತಿಯಿಂದ.