ಎಮ್ಮಾ ಹೆದರಿದ್ದು ಯಾವುದಕ್ಕೆ

ವಿಜ್ಞಾನಿಯೊಬ್ಬನ ಜೀವನವನ್ನು ತೆರೆಗೋ ರಂಗಕ್ಕೋ ತರಲು ಹೊರಟವರಲ್ಲಿ ಹೆಚ್ಚಿನವರು ಅದನ್ನು ಧರ್ಮಪೀಠಕ್ಕೂ ಪ್ರಯೋಗಶಾಲೆಗೂ ನಡೆದ ಜಗಳವನ್ನಾಗಿ ಕಟ್ಟುತ್ತಾರೆ. ಅಂಥ ಜಗಳಗಳು ಚರಿತ್ರೆಯಲ್ಲಿ ನಡೆದಿರುವುದು ನಿಜ. 1633ರಲ್ಲಿ ರೋಮಿನ ಧಾರ್ಮಿಕ ನ್ಯಾಯಮಂಡಳಿಯ ಮುಂದೆ ಗೆಲಿಲಿಯೊ ಮಂಡಿಯೂರಬೇಕಾಯಿತು. ಆದರೆ ಚಾರ್ಲ್ಸ್ ಡಾರ್ವಿನ್ನನನ್ನು ಯಾರೂ ಕಟಕಟೆ ಹತ್ತಿಸಲಿಲ್ಲ. 1882ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ರಾಜರಾಣಿಯರಿಗೆ ಪಟ್ಟಾಭಿಷೇಕ ನಡೆಯುವ ಚರ್ಚಿನಲ್ಲಿಯೇ, ಅವನನ್ನು ಸಮಾಧಿ ಮಾಡಿದರು. ಅವನ ಬದುಕಿನ ನಿಜವಾದ ಸಂಘರ್ಷ ನಡೆದದ್ದು ಅವನ ಮನೆಯೊಳಗೆ, ಅವನೂ ಅವನ ಹೆಂಡತಿ ಎಮ್ಮಾಳೂ ಕೂಡಿ ಬಾಳಿದ 43 ವರ್ಷಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

2009ರಲ್ಲಿ ಬಂದ ‘ಕ್ರಿಯೇಷನ್’ ಚಿತ್ರ ಈ ಮನೆಯೊಳಗೆ ಕಾಲಿಟ್ಟಿತು ಎಂಬ ಕಾರಣಕ್ಕೆ ನನಗೆ ಅದರ ಬಗ್ಗೆ ಗೌರವವಿದೆ. ಡಾರ್ವಿನ್ ಮತ್ತು ಎಮ್ಮಾರ ಪಾತ್ರಗಳಲ್ಲಿ ನಿಜಜೀವನದ ದಂಪತಿಗಳಾಗಿದ್ದ ಪಾಲ್ ಬೆಟನಿ ಮತ್ತು ಜೆನಿಫರ್ ಕಾನೆಲಿ ನಟಿಸಿದ್ದಾರೆ. ಇತ್ತೀಚೆಗೆ ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಕೆಲವರು ಕುಳಿತು ಅದನ್ನು ನೋಡಿದೆವು. ಚಿತ್ರ ಮುಗಿದ ಮೇಲೆ ನಾವು ವಿಕಾಸವಾದದ ಚರ್ಚೆಗೆ ಇಳಿದಿದ್ದಾಗ ಗೆಳೆಯರ ತಾಯಿ ಕೇಳಿದ ಪ್ರಶ್ನೆ ನಮ್ಮೆಲ್ಲರ ಮಾತಿಗಿಂತ ಆಳವಾಗಿತ್ತು: “ಗಂಡ ದೇವ್ರನ್ನ ನಂಬ್ಲಿಲ್ಲ ಅಂದ್ರೆ ಬಿಡ್ಲಿ. ಆಕಿ ಪೂಜೆ ಆಕಿ ಮಾಡ್ಕೋಬೋದಲ್ಲಪ್ಪ. ಆಕಿಗ್ಯಾಕೆ ಅಷ್ಟು ಹೆದರಿಕೆ?”

ಈ ಪ್ರಶ್ನೆಗೆ ಚಿತ್ರ ಸರಿಯಾಗಿ ಉತ್ತರ ಕೊಡುವುದಿಲ್ಲ. ಇಂಗ್ಲೆಂಡಿನ ಪ್ರೇಕ್ಷಕನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲವೇನೋ, ಆದರೆ ನಮಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಹೆಂಡತಿ ಇಷ್ಟಲಿಂಗ ಪೂಜೆ ಮಾಡುವಾಗ ಗಂಡ ಪತ್ರಿಕೆ ಓದುತ್ತ ಕುಳಿತರೆ ಒಂದೆರಡು ಮಾತು ಬಂದಾವು, ಅದರಿಂದ ಸತ್ತ ಮೇಲೆ ಇಬ್ಬರೂ ಶಾಶ್ವತವಾಗಿ ಅಗಲುತ್ತಾರೆ ಎಂದು ಯಾರೂ ನಡುಗುವುದಿಲ್ಲ. ಎಮ್ಮಾ ನಡುಗಿದ್ದು ಅದಕ್ಕೇ. ಆಕೆಯ ಅಕ್ಕರೆಯ ಸಹೋದರಿ ಫ್ಯಾನಿ 1832ರಲ್ಲಿ ಇಪ್ಪತ್ತಾರನೆಯ ವಯಸ್ಸಿಗೇ ತೀರಿಕೊಂಡಿದ್ದಳು. ಪರಲೋಕದಲ್ಲಿ ಫ್ಯಾನಿಯನ್ನು ಮತ್ತೆ ಕಾಣುತ್ತೇನೆ ಎಂಬ ನಂಬಿಕೆಯಿಂದಲೇ ಎಮ್ಮಾ ಆ ದುಃಖವನ್ನು ತಾಳಿಕೊಂಡಿದ್ದಳು. ಇಂಥ ಹುಡುಗಿಗೆ, ಮದುವೆಗೆ ಮುಂಚೆಯೇ, ಡಾರ್ವಿನ್ ತನ್ನ ಸಂಶಯಗಳನ್ನು ಬಾಯಿಬಿಟ್ಟು ಹೇಳಿದ. ಹೆಂಡತಿಯ ಹತ್ತಿರ ಇಂಥವನ್ನು ಮುಚ್ಚಿಡು ಎಂದು ಅವನ ತಂದೆ ಬುದ್ಧಿ ಹೇಳಿದ್ದರು. ಅವನು ಮುಚ್ಚಿಡಲಿಲ್ಲ. 1839ರ ಜನವರಿ 29ರಂದು ಮದುವೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ಎಮ್ಮಾ ಅವನಿಗೆ ಒಂದು ಪತ್ರ ಬರೆದಳು. ಸಾಬೀತುಪಡಿಸಿ ತೋರಿಸುವವರೆಗೆ ಯಾವುದನ್ನೂ ನಂಬಬಾರದು ಎಂಬ ವಿಜ್ಞಾನದ ಅಭ್ಯಾಸ, ಹಾಗೆ ಸಾಬೀತುಪಡಿಸಲಾಗದ ವಿಷಯಗಳಲ್ಲಿಯೂ ನಿನ್ನ ಮನಸ್ಸನ್ನು ಆಳುತ್ತಿರಬಹುದಲ್ಲವೇ ಎಂದು ಅದರಲ್ಲಿ ಕೇಳಿದಳು. ನಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಎಂದು ತಿಳಿಯಬೇಕಾಗಿ ಬಂದರೆ ನನಗೆ ಬಹಳ ದುಃಖವಾಗುತ್ತದೆ ಎಂದೂ ಬರೆದಳು. ಡಾರ್ವಿನ್ ಆ ಪತ್ರವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದ. ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂಬ ಅರ್ಥದ ಸಾಲನ್ನು ಅದರ ಮೇಲೆ ತನ್ನ ಕೈಯಾರೆ ಬರೆದಿಟ್ಟ.

ಇದರ ಇನ್ನೊಂದು ಮಗ್ಗುಲು ನನ್ನನ್ನು ಹೆಚ್ಚು ಕಾಡಿದೆ. ನಂಬಿದವರು ಪರಲೋಕದಲ್ಲಿ ಕೂಡುತ್ತಾರೆ, ನಂಬದವರು ನಿತ್ಯನರಕಕ್ಕೆ ಹೋಗುತ್ತಾರೆ ಎಂಬ ಬೋಧನೆಯ ಮೊದಲರ್ಧ ಎಮ್ಮಾಳಿಗೆ ಭರವಸೆಯಾಗಿತ್ತು, ಎರಡನೆಯ ಅರ್ಧ ಡಾರ್ವಿನ್ನನಿಗೆ ಸಹಿಸಲಾಗದ್ದಾಗಿತ್ತು. ಆ ಬೋಧನೆಯ ಪ್ರಕಾರ ತನ್ನ ತಂದೆಗೂ ಅಣ್ಣನಿಗೂ ಆಪ್ತ ಗೆಳೆಯರಲ್ಲಿ ಬಹುಪಾಲು ಮಂದಿಗೂ ಕೊನೆಯಿಲ್ಲದ ಶಿಕ್ಷೆಯೇ ಗತಿಯಾಗುತ್ತದೆ, ಇಂಥದ್ದು ಸತ್ಯವಾಗಿರಲಿ ಎಂದು ಯಾರಾದರೂ ಹೇಗೆ ಬಯಸಬಲ್ಲರು ಎಂದು ಅವನು ಆತ್ಮಕಥೆಯಲ್ಲಿ ಕೇಳಿದ್ದಾನೆ. ಅವನ ಮರಣದ ನಂತರ 1887ರಲ್ಲಿ ಆತ್ಮಕಥೆ ಅಚ್ಚಾದಾಗ ಎಮ್ಮಾಳ ಕೋರಿಕೆಯಂತೆ ಈ ಮಾತುಗಳನ್ನು ತೆಗೆಯಲಾಯಿತು. ಮೊಮ್ಮಗಳು ನೋರಾ ಬಾರ್ಲೊ 1958ರಲ್ಲಿ ಅವುಗಳನ್ನು ಮರಳಿ ಸೇರಿಸಿದಳು. ಪ್ರೀತಿಸಿದವರನ್ನು ಕಳೆದುಕೊಳ್ಳಲಾರೆ ಎಂಬ ಸಂಕಟ ಇಬ್ಬರಲ್ಲಿಯೂ ಇತ್ತು. ಆ ಸಂಕಟ ಆಕೆಯನ್ನು ಚರ್ಚಿನ ಕಡೆಗೆ ಕರೆದೊಯ್ದರೆ ಅವನನ್ನು ಅಲ್ಲಿಂದ ಹೊರಗೆ ತಂದಿತು. ಡಾರ್ವಿನ್ನನನ್ನು ಕುರಿತ ಯಾವ ನಾಟಕವಾದರೂ ನಿಲ್ಲಬೇಕಾದದ್ದು ಈ ಜಾಗದಲ್ಲಿ.

ಚಿತ್ರ ಇಲ್ಲಿ ನಿಲ್ಲದೆ ದಂಪತಿಗಳ ಮಗಳು ಆ್ಯನಿಯ ಸಾವಿನ ಮೇಲೆ ಎಲ್ಲ ಭಾರವನ್ನೂ ಹೊರಿಸುತ್ತದೆ. ಹತ್ತು ವರ್ಷದ ಆ ಮಗು 1851ರ ಏಪ್ರಿಲ್ 23ರಂದು ಮಾಲ್ವರ್ನ್ ಎಂಬ ಊರಿನಲ್ಲಿ ತೀರಿಕೊಂಡಿತು. ಅಲ್ಲಿನ ಜಲಚಿಕಿತ್ಸೆಗೆಂದು ಡಾರ್ವಿನ್ನನೇ ಕರೆದುಕೊಂಡು ಹೋಗಿದ್ದ. ತುಂಬು ಗರ್ಭಿಣಿಯಾಗಿದ್ದ ಎಮ್ಮಾ ಮಗಳ ಹತ್ತಿರ ಹೋಗಲಾಗದೆ ಮನೆಯಲ್ಲಿಯೇ ಉಳಿದಿದ್ದಳು. ಡಾರ್ವಿನ್ ಮಣ್ಣಿಗೂ ನಿಲ್ಲದೆ ಹೆಂಡತಿಯ ಬಳಿಗೆ ಧಾವಿಸಿದ. ಮಗಳ ಪುಟ್ಟ ಬರವಣಿಗೆಯ ಪೆಟ್ಟಿಗೆಯನ್ನು ಎಮ್ಮಾ ಜೀವಮಾನವಿಡೀ ಕಾಪಾಡಿದಳು. ಈ ದುಃಖವನ್ನು ಬೆಟನಿ ಅಭಿನಯಿಸಿರುವ ರೀತಿ ಕರುಳು ಹಿಂಡುವಂತಿದೆ. ಆದರೆ ಮಗಳು ಸತ್ತಳು, ಆದ್ದರಿಂದ ಅಪ್ಪ ದೇವರನ್ನು ಬಿಟ್ಟ ಎನ್ನುವುದು ಸುಲಭದ ಲೆಕ್ಕ. ಅವಿಶ್ವಾಸ ತನ್ನನ್ನು ಬಹಳ ನಿಧಾನವಾಗಿ ಆವರಿಸಿತು ಎಂದು ಬರೆದಿರುವ ಡಾರ್ವಿನ್, ಅದಕ್ಕೆ ಕಾರಣಗಳನ್ನು ಹೇಳುವ ಆತ್ಮಕಥೆಯ ಆ ಭಾಗದಲ್ಲಿ ಆ್ಯನಿಯ ಹೆಸರನ್ನೇ ಎತ್ತುವುದಿಲ್ಲ. 1838ರಲ್ಲಿಯೇ ಅವನ ಟಿಪ್ಪಣಿ ಪುಸ್ತಕಗಳಲ್ಲಿ ಸಂಶಯಗಳಿದ್ದವು. ವಿಕಾಸವಾದವನ್ನು ಮಂಡಿಸಿದ ಅವನ ‘ಆರಿಜಿನ್ ಆಫ್ ಸ್ಪೀಶೀಸ್’ ಪುಸ್ತಕದ ಪ್ರಕಟಣೆ ತಡವಾದದ್ದಕ್ಕೂ ಹೆದರಿಕೆಯೊಂದೇ ಕಾರಣವಲ್ಲ. 1846ರಿಂದ ಎಂಟು ವರ್ಷ ಅವನು ಕಡಲಬಂಡೆಗಳಿಗೆ ಅಂಟಿ ಬದುಕುವ ಬಾರ್ನಕಲ್ ಜೀವಿಗಳನ್ನು ಕೊಯ್ದು ನೋಡುತ್ತ ಕುಳಿತಿದ್ದ.

ಊರಿನ ಪಾದ್ರಿ ಇನ್ಸ್‌ನ ವಿಷಯದಲ್ಲಿ ಚಿತ್ರ ಮಾಡಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮಗುವನ್ನು ಉಪ್ಪಿನ ಹರಳುಗಳ ಮೇಲೆ ಮಂಡಿಯೂರಿಸಿ ಶಿಕ್ಷಿಸುವವನಂತೆ ಅವನನ್ನು ಅಲ್ಲಿ ತೋರಿಸಲಾಗಿದೆ. ನಿಜವಾದ ಜಾನ್ ಬ್ರೋಡಿ ಇನ್ಸ್ ಡಾರ್ವಿನ್ನನ ಜೀವಮಾನದ ಗೆಳೆಯ. ಹಳ್ಳಿಯ ಬಡವರ ಸಹಾಯನಿಧಿಗಳ ಲೆಕ್ಕಪತ್ರವನ್ನು ಡಾರ್ವಿನ್ ವರ್ಷಗಟ್ಟಲೆ ನೋಡಿಕೊಂಡ. ನಾವು ಮೂವತ್ತು ವರ್ಷದ ಸ್ನೇಹಿತರು, ಒಂದೇ ಒಂದು ಸಲ ನಮ್ಮ ಅಭಿಪ್ರಾಯ ಪೂರ್ತಿ ಕೂಡಿಬಂತು, ಆಗ ಇಬ್ಬರಲ್ಲೊಬ್ಬರಿಗೆ ಹುಷಾರಿಲ್ಲವೇನೋ ಎಂದು ಮುಖ ಮುಖ ನೋಡಿಕೊಂಡೆವು ಎಂದು ಡಾರ್ವಿನ್ನನೇ ಹೇಳಿದ್ದುಂಟು. ಇಷ್ಟು ಒಳ್ಳೆಯ ಪಾತ್ರವನ್ನು ಖಳನನ್ನಾಗಿಸುವುದರಿಂದ ಕತೆಗೆ ನಷ್ಟವೇ ಆಗಿದೆ. ಕೊನೆಯಲ್ಲಿ ಹಸ್ತಪ್ರತಿಯನ್ನು ಎಮ್ಮಾಳ ಕೈಗಿಟ್ಟು ನೀನೇ ತೀರ್ಮಾನಿಸು ಎನ್ನುವ ದೃಶ್ಯವೂ ಕಲ್ಪನೆಯೇ. ನಡೆದದ್ದು ಇದಕ್ಕಿಂತ ದೊಡ್ಡದು. 1844ರ ಜುಲೈನಲ್ಲಿ, ಪುಸ್ತಕ ಹೊರಬರುವುದಕ್ಕೆ ಹದಿನೈದು ವರ್ಷ ಮೊದಲೇ, ತಾನು ಹಠಾತ್ತನೆ ಸತ್ತರೆ ತನ್ನ ಪ್ರಬಂಧವನ್ನು 400 ಪೌಂಡ್ ಖರ್ಚು ಮಾಡಿ ಪ್ರಕಟಿಸಬೇಕೆಂದು ಎಮ್ಮಾಳಿಗೆ ಪತ್ರ ಬರೆದಿಟ್ಟಿದ್ದ. ತನ್ನ ನಂಬಿಕೆಗೆ ಪೆಟ್ಟುಕೊಡುವ ಬರಹವನ್ನು ಕಾಪಾಡುವ ಹೊಣೆ ಆಕೆಯದಾಗಿತ್ತು, ಆಕೆ ಅದನ್ನು ನೆರವೇರಿಸುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಇಂಥ ಘಟನೆ ಕೈಯಲ್ಲಿರುವಾಗ ಬೇರೆಯದನ್ನು ಕಲ್ಪಿಸಿಕೊಳ್ಳುವ ಅಗತ್ಯವೇನಿತ್ತು?

ನಮ್ಮ ಭಾಗದಲ್ಲಿ ಈ ಕತೆಯನ್ನು ಆಡುವುದಾದರೆ ಒತ್ತು ಬೇರೆ ಕಡೆ ಬೀಳಬೇಕು. ಭೂಮಿಗೆ ಕೆಲವೇ ಸಾವಿರ ವರ್ಷ ಎಂಬ ನಂಬಿಕೆ ಮುರಿದದ್ದು ಅಂದಿನ ಅನೇಕ ಇಂಗ್ಲಿಷರಿಗೆ ಆಘಾತವಾಗಿತ್ತು. ಯುಗ, ಕಲ್ಪಗಳ ಲೆಕ್ಕ ಕೇಳಿ ಬೆಳೆದ ನಮಗೆ ಅದು ಆಘಾತವಲ್ಲ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯವಾದ ಅವುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಲ್ಲಿ ನಿಂತ ಯಾರಿಗೂ ದೇವರು ಕೈತಪ್ಪಿದ ಹಾಗೆ ಅನಿಸುವುದಿಲ್ಲ. ನಮ್ಮನ್ನು ನಿಜವಾಗಿ ಅಲುಗಾಡಿಸುವುದು ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಮಾತು. ಜೀವಂತ ಕಂಬಳಿಹುಳದ ಒಡಲನ್ನೇ ತಿಂದು ಬೆಳೆಯುವ ಕಣಜದ ಮರಿಗಳನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ತಾನು ಒಪ್ಪಲಾರೆ ಎಂದು ಅವನು ಬರೆದ. ಮಗುವೊಂದು ನರಳಿ ಸತ್ತಾಗ ಪೂರ್ವಜನ್ಮದ ಕರ್ಮ ಎಂದು ಬಾಯಿ ಮುಚ್ಚಿಸುವ ನಮ್ಮ ಊರುಗಳಲ್ಲಿ ಈ ಪ್ರಶ್ನೆಯನ್ನು ರಂಗದ ಮೇಲೆ ಗಟ್ಟಿಯಾಗಿ ಕೇಳಬೇಕಾಗಿದೆ. ಆ ಏಸಾ ಗ್ರೇ ಆಸ್ತಿಕನಾಗಿದ್ದುಕೊಂಡೇ ಅಮೆರಿಕದಲ್ಲಿ ಡಾರ್ವಿನ್ನನ ಪರವಾಗಿ ನಿಂತ ಎಂಬುದನ್ನೂ ಅಲ್ಲಿ ಹೇಳಬೇಕು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೇ ನಾಟಕ ತಂಡವನ್ನು ಕಟ್ಟಿ ನಾಡಿನುದ್ದಕ್ಕೂ ತಿರುಗಿಸುತ್ತಿದೆ. ಆದ್ದರಿಂದ ನಂಬಿಕೆಯಿರುವವರು ಪ್ರಶ್ನೆಗೆ ಹೆದರುತ್ತಾರೆ ಎಂಬ ಸಿದ್ಧಸೂತ್ರಕ್ಕೆ ನಮ್ಮ ಜಿಲ್ಲೆಗಳ ನಾಟಕಕಾರರು ಕಟ್ಟುಬೀಳಬೇಕಾಗಿಲ್ಲ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟಿರುವ ಈ ಕಾಲದಲ್ಲಿ ಅಂಥ ನಾಟಕದ ತುರ್ತು ಇನ್ನೂ ಹೆಚ್ಚು. ಯಾರಾದರೂ ಬರೆಯಲು ಮುಂದಾದರೆ ಅವರಲ್ಲಿ ನನ್ನ ಕೋರಿಕೆಯಿಷ್ಟು: ಎಮ್ಮಾಳ ಪಾತ್ರವನ್ನು ಡಾರ್ವಿನ್ನನ ಪಾತ್ರದಷ್ಟೇ ದೊಡ್ಡದಾಗಿ ಬರೆಯಿರಿ, 1839ರ ಆಕೆಯ ಪತ್ರವನ್ನು ಆಕೆಯ ಬಾಯಿಂದಲೇ ಪೂರ್ತಿಯಾಗಿ ಓದಿಸಿರಿ, ಗಂಡನ ಉತ್ತರವನ್ನು ಅವಸರದಲ್ಲಿ ಕೊಡಿಸಬೇಡಿರಿ.