ಅಡಿಗೆರೆ ನಿಂತ ಪುಟ

ಮುಂಬಯಿಯ ಮಾಟುಂಗಾದ ವೃತ್ತಕ್ಕೆ ಮಹೇಶ್ವರಿ ಉದ್ಯಾನವೆಂದು ಹೆಸರು ಬದಲಾಗಿ ಎಷ್ಟೋ ಕಾಲವಾಗಿದ್ದರೂ, ಅಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹುಡುಕಲು ಹೋಗುವವರ ಬಾಯಲ್ಲಿ ಅದು ಇಂದಿಗೂ ಕಿಂಗ್ಸ್ ಸರ್ಕಲ್ಲೇ. ಮಗಳು ಡಾಕ್ಟರಿಕೆಯ ಪ್ರವೇಶ ಪರೀಕ್ಷೆ ನೀಟ್ ಬರೆಯುತ್ತೇನೆಂದು ಹೇಳಿದ ವರ್ಷದಿಂದ ನಾನೂ ಅಲ್ಲಿ ನಿಂತು ಪುಸ್ತಕಗಳನ್ನು ಕೈಯಲ್ಲಿ ತೂಗಿ ನೋಡುವುದನ್ನು ಕಲಿತೆ. ತೂಗಿ ಎಂದದ್ದು ಅಲಂಕಾರಕ್ಕಲ್ಲ. ವಿಜ್ಞಾನದ ಗಂಧವಿಲ್ಲದ ತಂದೆಗೆ ಪುಸ್ತಕದ ಯೋಗ್ಯತೆಯನ್ನು ಅಳೆಯಲು ಬೇರೆ ಮಾನದಂಡವಾದರೂ ಎಲ್ಲಿದೆ?

ಸಲಹೆಗಳಿಗಂತೂ ಬರವಿರಲಿಲ್ಲ. ಡೊಂಬಿವಲಿಯಿಂದ ಬೆಳಗಿನ ಲೋಕಲ್‌ನಲ್ಲಿ ಜೊತೆಯಾಗುವವರಲ್ಲಿ ಯಾರ ಮಕ್ಕಳೂ ಡಾಕ್ಟರಾಗಿರಲಿಲ್ಲ, ಆದರೆ ಯಾವ ಪುಸ್ತಕ ಓದಿದರೆ ಆಗಬಹುದಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಹುಬ್ಬಳ್ಳಿಯ ಅಕ್ಕ, ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದಂತೆ, ಕನ್ನಡದ ಗೈಡು ಕಳಿಸಲೇ ಎಂದು ಸಂಭ್ರಮದಿಂದ ಕೇಳಿದಳು. ಬರುವುದು ನಿಜ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮುಂಬಯಿಯಲ್ಲಿ ಬರೆಯುವ ಕನ್ನಡದ ಹುಡುಗಿಗೆ ಮರಾಠಿ ಪತ್ರಿಕೆ ಸಿಕ್ಕೀತು, ಕನ್ನಡದ್ದು ಸಿಗದು.

ಲೆಕ್ಕ ಸರಳವಾಗಿಯೇ ಇತ್ತು. 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ, ಆ ಪ್ರಶ್ನೆಗಳ ಬಹುಪಾಲು ಕೇಂದ್ರದ ಪಠ್ಯಸಂಸ್ಥೆ ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೆಯ ತರಗತಿಗಳ ಎರಡು ಪಠ್ಯಪುಸ್ತಕಗಳ ಸಾಲುಗಳಿಗೇ ಅಂಟಿಕೊಂಡಿರುತ್ತವೆ. ಕಾಲೇಜಿನ ಪರೀಕ್ಷೆಗೆ ರಾಜ್ಯ ಮಂಡಳಿಯ ಬಾಲಭಾರತಿ ಪುಸ್ತಕಗಳು ಹೇಗೂ ಇದ್ದುದರಿಂದ, ಅದೇ ಹೃದಯ, ಅದೇ ಮೂತ್ರಪಿಂಡ ನಮ್ಮ ಶೆಲ್ಫಿನಲ್ಲಿ ಎರಡೆರಡು ಆದವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತೆಳ್ಳಗಿನ ಪುಸ್ತಕದ ಮೇಲೆ ಮಗಳ ಭವಿಷ್ಯವನ್ನಿಡಲು ಧೈರ್ಯವಾಗದೆ, ಸಾವಿರ ಪುಟ ದಾಟಿದ ನಾಲ್ಕು ಹೆಬ್ಬೊತ್ತಿಗೆಗಳನ್ನು ಹೊತ್ತು ತಂದೆ. ಆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಬಿಟ್ಟ ಪ್ರಶ್ನೆಗೆ ಏನನ್ನೂ ಕಳೆಯುವುದಿಲ್ಲ. ಪುಸ್ತಕ ಕೊಳ್ಳುವವರಿಗೂ ಈ ನಿಯಮ ಅನ್ವಯಿಸುತ್ತದೆಂದು ನನಗೆ ಹೊಳೆದದ್ದು ತಡವಾಗಿ.

ಹಳೆಯ ಪುಸ್ತಕಗಳನ್ನು ತಿರುವಿ ಹಾಕುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲ ಅಧ್ಯಾಯದಲ್ಲಿ ಸ್ಕೇಲ್ ಇಟ್ಟು ಎರಡು ಬಣ್ಣದಲ್ಲಿ ಎಳೆದ ಅಡಿಗೆರೆಗಳು. ಎರಡನೆಯದರಲ್ಲಿ ಸ್ಕೇಲ್ ಮಾಯ. ಮೂರನೆಯದರಲ್ಲಿ ಬಣ್ಣ ಹೋಗಿ ಬರಿಯ ಪೆನ್ಸಿಲ್. ನಾಲ್ಕನೆಯದರ ನಡುವೆಲ್ಲೋ, ಒಂದು ವಾಕ್ಯದ ಅರ್ಧಕ್ಕೆ, ಗೆರೆ ನಿಂತುಬಿಟ್ಟಿರುತ್ತದೆ. ಅಲ್ಲಿಂದ ಮುಂದಿನ ಆರುನೂರು ಪುಟ ಅಚ್ಚಿನ ಮನೆಯಿಂದ ಬಂದಷ್ಟೇ ಶುಭ್ರ. ನಾನು ತಂದ ನಾಲ್ಕರಲ್ಲಿ ಮೂರರ ಕಥೆ ಇದೇ. ಆ ಹುಡುಗನೋ ಹುಡುಗಿಯೋ ಅಂದು ಊಟಕ್ಕೆದ್ದು ಮತ್ತೆ ಬರಲೇ ಇಲ್ಲವೇನೋ ಎಂದು ನಾನು ಆ ಅರ್ಧ ಗೆರೆಯನ್ನು ಬಹಳ ಹೊತ್ತು ನೋಡಿದ್ದುಂಟು.

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕವನ್ನೂ ಅಲ್ಲಿಯೇ ಕೊಂಡು ಎಡವಿದೆ. ಅದು ಹಳೆಯ ಮುದ್ರಣ, 22 ಅಧ್ಯಾಯಗಳದ್ದು. ಹೊರೆ ಇಳಿಸಿದ ಹೊಸದರಲ್ಲಿ ಇರುವುದು 19. ಮಗಳು ಹದಿನಾಲ್ಕನೆಯ ಅಧ್ಯಾಯವೆಂದು ಉಸಿರಾಟವನ್ನು ಹುಡುಕಿದರೆ ಅದು ಹದಿನೇಳರಲ್ಲಿತ್ತು. ಹದಿನಾರರಲ್ಲಿದ್ದ ಜೀರ್ಣಕ್ರಿಯೆಯಂತೂ 2024ರಿಂದ ನೀಟ್ ಪಠ್ಯಕ್ರಮದಲ್ಲೂ ಇಲ್ಲ. ಇದನ್ನು ಕೇಳಿದ ನನ್ನ ಅಮ್ಮ, "ಹೊಟ್ಟೆಯನ್ನೇ ಬಿಟ್ಟರೆ ನಮ್ಮಂಥವರು ಇನ್ನು ಏನು ಹೇಳಿಕೊಂಡು ಡಾಕ್ಟರ ಹತ್ತಿರ ಹೋಗಬೇಕು?" ಎಂದಳು. ಆ ಪ್ರತಿಯಲ್ಲಿ ಅತ್ಯಂತ ಶ್ರದ್ಧೆಯಿಂದ ಅಡಿಗೆರೆ ಎಳೆದಿದ್ದ ಅಧ್ಯಾಯವೂ ಅದೇ ಆಗಿತ್ತು. ಹೊಸ ಮುದ್ರಣ ತಂದದ್ದಾಯಿತು.

ಹೊಸದು ಮಾತ್ರ ಮಗಳ ಕೈಯಲ್ಲಿ ಬೇಗನೆ ಹಳತಾಯಿತು. ಅಂಚುಗಳಲ್ಲಿ ಇರುವೆಯಂಥ ಅಕ್ಷರ, ಕಪ್ಪೆಯ ಚಿತ್ರದ ಮೇಲೆ ಚಹಾದ ಬಳೆ, ಬೆನ್ನಿಗೆ ಎರಡು ಸಲ ಹಚ್ಚಿದ ಟೇಪು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಅದರ ಜೊತೆಗಿತ್ತು. ನಾಲ್ಕು ಹೆಬ್ಬೊತ್ತಿಗೆಗಳು ಮೇಜಿನ ಕೆಳಗೆ ಕಾಲಿಡುವ ಮಣೆಯಾಗಿ ಬಹಳ ಚೆನ್ನಾಗಿ ಕೆಲಸ ಮಾಡಿದವು.

ಡಿಸೆಂಬರಿನ ಒಂದು ಭಾನುವಾರ, ಜಾಗವಿಲ್ಲವೆಂದು ಅವಳೇ ಹಟ ಹಿಡಿದಳು. ನಾಲ್ಕನ್ನೂ ಹೊತ್ತು ಇಬ್ಬರೂ ಮಾಟುಂಗಾಕ್ಕೆ ಹೋದೆವು. ಅಂಗಡಿಯವನು ಪುಟಗಳನ್ನು ಹೆಬ್ಬೆರಳಿನಿಂದ ಸರ್‍ರನೆ ಹಾರಿಸಿ ನೋಡಿ, ಒಳ್ಳೆಯ ಮಾಲು, ಯಾರೂ ಮುಟ್ಟಿಯೇ ಇಲ್ಲ ಎಂದು ಮೆಚ್ಚಿ, ನಾನು ಕೊಟ್ಟಿದ್ದರ ಅರ್ಧಕ್ಕಿಂತ ತುಸು ಹೆಚ್ಚನ್ನೇ ಎಣಿಸಿದ. ಓದದಿದ್ದುದಕ್ಕೆ ಬೆಲೆ ಬರುವ ಪೇಟೆ ಅದು. ಆಮೇಲೆ ಅವನ ಕಣ್ಣು ಮಗಳ ಕಂಕುಳಲ್ಲಿದ್ದ ಟೇಪು ಹಚ್ಚಿದ ಪುಸ್ತಕದ ಮೇಲೆ ಬಿತ್ತು. ಅದನ್ನು ಮಾತ್ರ ತಾನು ತೆಗೆದುಕೊಳ್ಳುವುದಿಲ್ಲ, ಅದು ರದ್ದಿಗೇ ಸರಿ ಎಂದ. ಅವಳು ಪುಸ್ತಕವನ್ನು ಇನ್ನೊಂದು ಕಂಕುಳಿಗೆ ದಾಟಿಸಿಕೊಂಡು, ಬಂದ ಹಣದಲ್ಲಿ ಇಡ್ಲಿ ತಿನ್ನೋಣವೇ ಎಂದು ಕೇಳಿದಳು.